ಪ್ರೇಮಳ ಹಸಿರು

"ಕಣ್ಣು ಕತ್ತಲೆಗೆ ಒಗ್ಗಲಿ ಅಕ್ಕ, ಆಮೇಲೆ ನೋಡಿ," ಎಂದು ಜುಬೈದಾ ದೀಪ ಆರಿಸಿದಳು.

ಕೊಚ್ಚಿ ಹೊರವಲಯದ ಕಾಕ್ಕನಾಡಿನ ಆ ಪ್ರಯೋಗಾಲಯಕ್ಕೆ ಸುಬ್ಬಲಕ್ಷ್ಮಿ ಈ ಸಲ ಬಂದದ್ದು ರಕ್ತ ಕೊಡಲಿಕ್ಕಲ್ಲ, ಇನ್ನು ಕೊಡುವುದಿಲ್ಲ ಎಂದು ಹೇಳಲಿಕ್ಕೆ. ಅಲ್ಲಿನ ತಂತ್ರಜ್ಞೆ ಜುಬೈದಾ ಒತ್ತಾಯಿಸಲಿಲ್ಲ. ಒಮ್ಮೆ ನಿಮ್ಮ ರಕ್ತದ ಮಾದರಿಯನ್ನು ನೋಡಿಯಾದರೂ ಹೋಗಿ ಎಂದಿದ್ದಳು.

ಆರೋಗ್ಯವಂತ ಹೆಂಗಸರ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಈ ಅಧ್ಯಯನಕ್ಕೆ ಅವಳನ್ನು ಸೇರಿಸಿದವಳು ಕೊಚ್ಚಿಯಲ್ಲಿದ್ದ ತಂಗಿ ಪ್ರೇಮ. "ಬಾ ಅಕ್ಕ, ಚುಚ್ಚಿದ ಮೇಲೆ ಚಾಯ ಕೊಡ್ತಾರೆ. ನಿನ್ನ ಆಫೀಸಿನಲ್ಲಿ ಬರೀ ಚುಚ್ಚುದು ಮಾತ್ರ ಅಲ್ವಾ?" ಅಂದಿನಿಂದ ಪ್ರತಿ ಜೂನ್‌ನಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ರಜೆ ಹಾಕಿ ಸುಬ್ಬಲಕ್ಷ್ಮಿ ರೈಲು ಹತ್ತುತ್ತಿದ್ದಳು. ಇಬ್ಬರ ರಕ್ತದಲ್ಲೂ ತಮ್ಮದೇ ಮೈಯ ವಿರುದ್ಧ ತಿರುಗಿ ಬೀಳಬಲ್ಲ ಒಂದು ಪ್ರತಿಕಾಯ ಇತ್ತು. ಕಾಯಿಲೆ ಇರಲಿಲ್ಲ. ಆಮೇಲೆ ಪ್ರೇಮಳ ಕೀಲುಗಳು ಬಾತವು, ಮೂತ್ರಪಿಂಡ ಕೈಕೊಟ್ಟಿತು. ಅವಳ ವರ್ಷಾಂತಿಕ ಕಳೆದ ವಾರವಷ್ಟೇ ಮುಗಿದಿತ್ತು.

ಸೂಕ್ಷ್ಮದರ್ಶಕದ ಕಪ್ಪಿನಲ್ಲಿ, ಆ ಪ್ರತಿಕಾಯ ಅಂಟಿದ ಕಡೆಯೆಲ್ಲ ಹೊಳೆಯುವ ಹಸಿರು ಚುಕ್ಕಿಗಳು ಮೂಡಿದವು.

"ಇದು ನಿಮ್ಮ ಮೊದಲ ವರ್ಷದ್ದು." ಜುಬೈದಾ ಗಾಜಿನ ಪಟ್ಟಿ ಬದಲಿಸಿದಳು. "ಇದು ಹೋದ ವರ್ಷದ್ದು. ಬದಲಾಗಲೇ ಇಲ್ಲ ನೋಡಿ. ಹೆಚ್ಚಿನವರಲ್ಲಿ ಹೀಗೇ ಕೂತಿರ್ತದೆ, ಎಂತ ಮಾಡುದಿಲ್ಲ."

"ಪ್ರೇಮನದ್ದು?"

ಜುಬೈದಾಳ ಕೈ ನಿಂತಿತು. ಈ ಅಕ್ಕತಂಗಿಯರ ಹಾಗೆ ಅವಳೂ ಕಾಸರಗೋಡಿನವಳು; ಪ್ರೇಮ ತರುತ್ತಿದ್ದ ಹಲಸಿನೆಲೆಯ ಕೊಟ್ಟೆ ಕಡುಬಿಗೆ ಕಾಯುತ್ತಿದ್ದವಳು.

"ಅವರದ್ದೂ ಸುಮ್ಮನೆ ಇತ್ತು ಅಕ್ಕ. ಕೊನೆಯ ಆ ವರ್ಷದವರೆಗೂ."

"ತೋರಿಸು ಮಾರಾಯ್ತಿ."

ಹಳೆಯ ಮಾದರಿಗಳನ್ನೆಲ್ಲ ಈ ವಾರ ಮತ್ತೆ ಪರೀಕ್ಷಿಸುತ್ತಿದ್ದುದರಿಂದ ಪ್ರೇಮಳ ಕಾಯಿಲೆಗೆ ಮೊದಲಿನ ಗಾಜು ಸಿದ್ಧವಾಗಿಯೇ ಇತ್ತು. ಅದೇ ಚುಕ್ಕಿಗಳು, ಅದೇ ಹಸಿರು. ಹೇಳದಿದ್ದರೆ ಸುಬ್ಬಲಕ್ಷ್ಮಿ ತನ್ನದೇ ಎಂದುಕೊಳ್ಳುತ್ತಿದ್ದಳು.

"ಅವಳೇ ಇಲ್ಲ," ಎಂದಳು ಮೆಲ್ಲಗೆ. "ಇದು ಈಗ ಯಾರನ್ನು ಹುಡುಕ್ತಾ ಉಂಟು?"

ಪಕ್ಕದ ಕೋಣೆಯಲ್ಲಿ ರಕ್ತದ ನಳಿಕೆಗಳನ್ನಿಟ್ಟ ಫ್ರೀಜರ್ ಗುಂಯ್‌ಗುಡುತ್ತಿತ್ತು. ನೋಡುತ್ತಿದ್ದಂತೆ ಚುಕ್ಕಿಗಳ ಅಂಚು ಮಸುಕಾಗತೊಡಗಿತು.

"ಹೆಚ್ಚು ಹೊತ್ತು ನೋಡಿದ್ರೆ ಆರಿ ಹೋಗ್ತದೆ," ಎಂದಳು ಜುಬೈದಾ. "ಈ ಯಂತ್ರದ ಬೆಳಕು ತಾಳುದಿಲ್ಲ ಅದು."

"ಹಾಗಾದ್ರೆ ಮುಚ್ಚು. ಉಳಿದದ್ದು ಇರಲಿ."

ಟಕ್ ಎಂದು ಸದ್ದಾಗಿ ಕೋಣೆ ಪೂರ್ತಿ ಕಪ್ಪಾಯಿತು. ಸುಬ್ಬಲಕ್ಷ್ಮಿ ಬಳೆಗಳನ್ನು ಕಿಣಿಗುಟ್ಟಿಸುತ್ತ ಮಣಿಕಟ್ಟಿಗೆ ಸರಿಸಿ, ತೋಳನ್ನು ಮೇಜಿನ ಮೇಲೆ ಚಾಚಿದಳು. ದೀಪ ಹತ್ತುವ ಮೊದಲೇ ಜುಬೈದಾಳ ತಣ್ಣಗಿನ ಬೆರಳೊಂದು ಮೊಣಕೈಯ ಮಡಿಕೆಯಲ್ಲಿ ನರ ಹುಡುಕುತ್ತ ಬಂತು.