ಎಡಗೈ ಸುತ್ತು

ಗಂಡನ ಜಾಕೆಟ್ಟಿನ ಕೊನೆಯ ಗುಂಡಿ ಹಾಕಲು ಅವಳು ಶವಪೆಟ್ಟಿಗೆಯ ಮೇಲೆ ಬಗ್ಗಿದ್ದಳು. ಮೈತುಂಬ ಜೇಬುಗಳಿದ್ದ ಈ ಹಳೇ ಜಾಕೆಟ್ಟನ್ನೇ ತೊಡಿಸಬೇಕೆಂದು ಹಠ ಹಿಡಿದವಳು ಅವನ ಅಕ್ಕ. "ಸೂಟು ಹಾಕಿದ್ರೆ ಯಾರೋ ಬ್ಯಾಂಕಿನವನು ಸತ್ತಿದಾನೆ ಅಂತ ಜನ ವಾಪಸ್ ಹೋಗ್ತಾರೆ ಕಣೆ," ಎಂದು ಅಳುವಿನ ನಡುವೆಯೂ ನಗಿಸಿದ್ದಳು. ಬೆಟ್ಟದ ನದಿಗಳಿಗೆ ಗೆಸ್ಟುಗಳನ್ನು ಕರೆದೊಯ್ದು ಮೀನು ಹಿಡಿಸುವ ಗೈಡು ಅವನು. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮೊದಲು ಬಂದವರು ಹಲ್ಲಿನ ಡಾಕ್ಟರು, ಅವನ ಹಳೇ ಗೆಸ್ಟು. ಅವರು ತಲೆ ತಗ್ಗಿಸಿ ನಿಂತಾಗ ಕರಿ ಕೋಟಿಗೆ ಚುಚ್ಚಿಕೊಂಡಿದ್ದ ಗಾಳದ ಹುಳು ಅವಳ ಕಣ್ಣಿಗೆ ಬಿತ್ತು. ಕೊಕ್ಕೆಗೆ ಬೂದು ಗರಿ ಕೂರಿಸಿ, ಕುತ್ತಿಗೆಗೆ ಮಾಸಲು ಕೆಂಪು ಉಣ್ಣೆಯ ಎಳೆ ಸುತ್ತಿ ಮಾಡಿದ ಹುಳು. ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಬಾಯಿ ಹಾಕಬೇಕು.

ಆ ಉಣ್ಣೆ ಅವಳ ಅಮ್ಮ ಹೆಣೆದುಕೊಟ್ಟ ಸ್ವೆಟರಿನದು. ಹಳತಾದ ಮೇಲೆ ಅದರ ಎಳೆ ಬಿಚ್ಚಿದವಳೂ ತಾನೇ.

"ಇದು ನಿಮಗೆಲ್ಲಿ ಸಿಕ್ತು?"

"ಅಯ್ಯೋ, ಅವರೇ ಕೊಟ್ಟಿದ್ದಮ್ಮ! ಕೈಯಾರೆ ಸುತ್ತಿದ್ದು. ನೋಡಿ, ದಾರ ಉಲ್ಟಾ ಇದೆ. ಲೋಕವೆಲ್ಲ ಬಲಕ್ಕೆ ಸುತ್ತಿದ್ರೆ ನಾನು ಎಡಕ್ಕೆ ಸುತ್ತೀನಿ, ಅದೇ ನನ್ನ ಗುಟ್ಟು ಅಂತಿದ್ರು. ಅವರ ನೆನಪಿಗೆ ಇವತ್ತು ನಾವೆಲ್ಲ ಇದನ್ನೇ ಹಾಕ್ಕೊಂಡು ಬಂದಿದೀವಿ."

ಗುಂಡಿ ಹಿಡಿದಿದ್ದ ಅವಳ ಎಡಗೈ ಅಲ್ಲೇ ನಿಂತಿತು.

*

ಎಡಗೈಯಲ್ಲಿ ಸೌಟು ಹಿಡಿದದ್ದನ್ನು ನೋಡಿ ಅವಳಿಗೆ 'ಎಡಚಿ' ಎಂದು ಹೆಸರಿಟ್ಟವನು ಅವನೇ. ಚಳಿಗಾಲದಲ್ಲಿ ನದಿಗೆ ಹೋಗುವಂತಿರಲಿಲ್ಲ. ಅಡುಗೆಮನೆಯ ಮೇಜಿಗೆ ಪುಟ್ಟ ಚಿಮಟ ಬಿಗಿದು, ಅದಕ್ಕೆ ಕೊಕ್ಕೆ ಕಚ್ಚಿಸಿ ಹುಳು ಸುತ್ತುವುದನ್ನು ಕಲಿಸಿದ. ಅವನ ದಪ್ಪ ಬೆರಳುಗಳಲ್ಲಿ ದಾರ ನಿಲ್ಲುತ್ತಿರಲಿಲ್ಲ, ಗರಿ ಸೊಟ್ಟಗಾಗುತ್ತಿತ್ತು. ಅವಳ ಕೈಗೆ ಮಾತ್ರ ಕೆಲಸ ಬೇಗ ಹತ್ತಿತು.

ಮೊದಲ ಟ್ರಿಪ್ಪು ಮುಗಿಸಿ ಬಂದವನನ್ನು ಬಾಗಿಲಲ್ಲೇ ತಡೆದು ಕೇಳಿದ್ದಳು. "ನನ್ನ ಹುಳು ನೋಡಿ ಗೆಸ್ಟು ಏನಂದ್ರು?"

ಅವನು ಒದ್ದೆ ಕಾಲುಚೀಲ ಹಿಂಡುತ್ತಾ, "ಅವರಿಗೆಲ್ಲ ಅಂಗಡೀದೇ ಆಗ್ಬೇಕು ಕಣೆ ಎಡಚಿ. ನಿನ್ನವನ್ನ ನಾನೇ ಇಟ್ಕೊಂಡೆ. ನನ್ನ ಗಾಳಕ್ಕೆ ಮಾತ್ರ," ಎಂದ.

"ಮತ್ತೆ ಡಬ್ಬಿ ಯಾಕೆ ಖಾಲಿ?"

"ನದಿ ತಿಂತು. ಬಂಡೆಗೆ ಸಿಕ್ಕಿ ಹೋಗ್ತಾವೆ."

ಲೋಕಕ್ಕೆ ಬೇಡವಾದದ್ದನ್ನು ಗಂಡನಾದರೂ ಇಟ್ಟುಕೊಳ್ಳುತ್ತಾನಲ್ಲ ಎಂದು ಅವಳಿಗೆ ಪ್ರೀತಿ ಉಕ್ಕಿಬಂತು. ಆ ಒಂದು ಮಾತಿಗೆ ಕಟ್ಟುಬಿದ್ದು ಚಳಿಗಾಲಗಳನ್ನೆಲ್ಲ ಸುತ್ತಿಯೇ ಕಳೆದಳು, ಕನ್ನಡಕದ ಗಾಜು ದಪ್ಪವಾಗುತ್ತಾ ಹೋದರೂ ಬಿಡಲಿಲ್ಲ. ಕೇಳಿದಾಗಲೆಲ್ಲ ನದಿಯೇ ತಿಂದಿರುತ್ತಿತ್ತು. ಎಂಥಾ ಹೊಟ್ಟೆಬಾಕ ನದಿಯಪ್ಪಾ! ಈ ಪೆದ್ದಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

*

ನಡುಮನೆ ತುಂಬಿತು. ಯಾವ ಕೋಟು ನೋಡಿದರೂ ಅದರ ಮೇಲೆ ಅವಳ ಹುಳು. ಇದು ಅಮ್ಮ ಹೋದ ಚಳಿಗಾಲದ್ದು, ಅದು ಕೈ ಸುಟ್ಟುಕೊಂಡ ವರ್ಷದ್ದು. ಹೆತ್ತ ಮಕ್ಕಳ ಹಾಗೆ ಒಂದೊಂದರ ಗುರುತೂ ಸಿಕ್ಕಿತು. "ಆಹಾ, ಏನು ಕೈ ಅವರದು!" ಎಂದು ಯಾರೋ ಲೊಚಗುಟ್ಟಿದರು. ಅವಳು ಅಡುಗೆಮನೆಗೆ ಎದ್ದು ಹೋದಳು.

ಅಲ್ಲಿ ದೋಣಿಯವನು ಕಾಫಿ ಸೋಸುತ್ತಿದ್ದ. ಗೆಸ್ಟುಗಳ ದೋಣಿ ನಡೆಸುತ್ತಾ ಗಂಡನ ಜೊತೆಗೇ ಮುದುಕನಾದವನು.

"ನಿನಗೆ ಗೊತ್ತಿತ್ತಾ?"

ಏನು ಎಂದು ಅವನು ಕೇಳಲಿಲ್ಲ. "ಗೊತ್ತಿತ್ತು ಅತ್ತಿಗೆ."

"ಒಂದು ಮಾತು ಹೇಳಬಾರದಿತ್ತಾ?"

"ಒಂದ್ಸಲ ದೋಣೀಲಿ ಬಾಯಿ ತಪ್ಪಿ 'ಅತ್ತಿಗೆ ಕೈಚಳಕ' ಅನ್ನೋಕೆ ಹೋದೆ. ಕಾಲು ತುಳಿದು ಸುಮ್ಮನಿರಿಸಿದ. ಆಮೇಲೆ ಎಷ್ಟೋ ದಿನ ಮಾತು ಬಿಟ್ಟ. ಹೆಂಡ್ತಿ ಸುತ್ತಿದ್ದು ಅಂತ ಗೊತ್ತಾದ್ರೆ ಗೈಡು ಅಂತ ನನಗೇನು ಬೆಲೆ ಅಂದ." ಅವನು ಸೋಸುವ ಬಟ್ಟೆ ಹಿಂಡಿದ. "ಒಳ್ಳೇವನೇ ಅತ್ತಿಗೆ, ಈ ಒಂದು ವಿಷ್ಯ ಬಿಟ್ಟು."

"ನನಗಿದ್ದದ್ದೂ ಇದೊಂದೇ ವಿಷ್ಯ ಕಣಯ್ಯ."

ನಡುಮನೆಯಿಂದ ಅವಳನ್ನು ಕರೆದರು. ಪೆಟ್ಟಿಗೆ ಮುಚ್ಚುವ ಹೊತ್ತಾಗಿತ್ತು. ಡಾಕ್ಟರು ತಮ್ಮ ಕೋಟಿನ ಹುಳು ಬಿಚ್ಚಿ ಗಂಡನ ಅಕ್ಕನಿಗೆ ಕೊಟ್ಟಿದ್ದರು.

"ತಗೊಳ್ಳೆ, ನೀನೇ ಅವನ ಎದೆಗೆ ಚುಚ್ಚು. ಅವನ ಕೈಕೆಲಸ ಅವನ ಜೊತೇನೇ ಮಣ್ಣಿಗೆ ಹೋಗ್ಲಿ."

ಹುಳು ಅವಳ ಅಂಗೈಗೆ ಬಂತು. ಇದು ನಂದು ಎಂದು ಕೂಗಿಬಿಡಲೇ? ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಎಲ್ಲರೂ ಬೆನ್ನು ಸವರುತ್ತಾರೆ, ಅಷ್ಟೇ. ಗಂಡನ ಮುಖ ನೋಡಿದಳು. ಏನೂ ಅರಿಯದವನಂತೆ ಮಲಗಿದ್ದ, ಕಳ್ಳ.

ಕೊನೆಯ ಗಂಟು ಗರಿಯ ಬುಡದಲ್ಲಿ ಅಡಗಿರುತ್ತದೆ. ಹಾಕಿದವಳಿಗೆ ಹುಡುಕಬೇಕಾಗಲಿಲ್ಲ. ಉಗುರಿನಿಂದ ಅದನ್ನು ಮೀಟಿದಳು.

"ಏನೇ ಮಾಡ್ತಿದೀಯ? ಹಾಳಾಗತ್ತೆ!" ಎಂದಳು ಅಕ್ಕ.

ಅವಳ ಎಡಗೈ ನಿಲ್ಲಲಿಲ್ಲ. ದಾರ ಸುತ್ತು ಸುತ್ತಾಗಿ ಸರಾಗವಾಗಿ ಬಿಚ್ಚಿಕೊಂಡಿತು. ತಡೆಯಲು ಮುಂದೆ ಬಂದ ಡಾಕ್ಟರು ಆ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ಹಿಂದಿದ್ದವರೊಬ್ಬರು ತಮ್ಮ ಕೋಟಿನ ಹುಳುವನ್ನು ಅಂಗೈಯಿಂದ ಮುಚ್ಚಿಕೊಂಡರು. ಬೂದು ಗರಿ ನೆಲಕ್ಕೆ ಬಿತ್ತು. ಅಮ್ಮನ ಕೆಂಪು ಉಣ್ಣೆಯನ್ನು ಅವಳು ತನ್ನ ಬೆರಳಿಗೆ ಸುತ್ತಿಕೊಂಡಳು.

ಆಮೇಲೆ ಬಗ್ಗಿ, ಉಳಿದ ಬರೀ ಕೊಕ್ಕೆಯನ್ನು ಅವನ ಜಾಕೆಟ್ಟಿಗೆ ಚುಚ್ಚಿದಳು.