ತುಂಬಿದ ಟ್ಯಾಂಕು ಹೇಳಿದ ಸುದ್ದಿ

ಕ್ಲಾರಿಯ ಸೊಂಟದ ಆಪರೇಷನ್ನಿಗೆ ಟೌನ್ಸ್‌ವಿಲ್‌ನ ಆಸ್ಪತ್ರೆಯವರು ಎರಡು ಸಲ ದಿನ ಕೊಟ್ಟಿದ್ದರು. ಎರಡು ಸಲವೂ ಅವನು ಹೋಗಲಿಲ್ಲ. ಮೂರನೆಯ ದಿನ ನವೆಂಬರ್ ಹದಿನೆಂಟು. ಇದೂ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು ಎಂದು ಪತ್ರದಲ್ಲಿ ಬರೆದಿತ್ತು.

ಜೂಲಿಯಾ ಕ್ರೀಕ್‌ನ ದಕ್ಷಿಣಕ್ಕಿರುವ ನಮ್ಮ ಕಡೆ ಇಂಥ ಕಥೆ ಹೊಸದಲ್ಲ. ದನ ಸಾಕುವವರು ನೀರಿನ ಸುತ್ತು ತಪ್ಪಿಸುವಂತಿಲ್ಲ. ಕ್ಲಾರಿ ಎರಡು ದಿನಕ್ಕೊಮ್ಮೆ ಜೀಪು ಹತ್ತಿ, ನೂರಾ ನಲವತ್ತು ಕಿಲೋಮೀಟರ್ ಸುತ್ತಿ, ಒಂದೊಂದು ಕೊಳವೆಬಾವಿಯ ಟ್ಯಾಂಕನ್ನೂ ತಟ್ಟಿ, ಸದ್ದಿನಿಂದ ನೀರೆಷ್ಟಿದೆ ಎಂದು ನೋಡಿ ಬರುತ್ತಿದ್ದ. ನವೆಂಬರ್ ಎಂದರೆ ನಮ್ಮಲ್ಲಿ ಬೇಸಿಗೆ; ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ದನ ಕುಡಿಯುವ ತೊಟ್ಟಿ ಒಣಗಿದರೆ ಮೂರನೆಯ ದಿನಕ್ಕೆ ದನ ಬೀಳತೊಡಗುತ್ತವೆ.

"ನಾನು ಆಸ್ಪತ್ರೇಲಿ ಮಲಗಿದ್ರೆ ನೀರು ಯಾರು ನೋಡ್ತಾರೆ? ನಿನ್ನ ಕೋಳಿಗಳಾ?" ಎಂದು ಅವನು ಹೆಂಡತಿ ಬೆರಿಲ್‌ಳನ್ನು ಕೇಳಿದ.

"ಅವು ನಿನಗಿಂತ ಚೆನ್ನಾಗಿ ನಡೀತಾವೆ, ಕಳಿಸಬಹುದು."

ಅರವತ್ತು ಕಿಲೋಮೀಟರ್ ಆಚೆಯ ಪಕ್ಕದ ಮನೆಯ ಲಿಯೋನಿ ಬೆಳಗಿನ ಟೀಗೆ ಬಂದಿದ್ದಳು. ಅವಳು ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. "ಇದು ನೋಡತ್ತೆ. ನಮ್ಮಲ್ಲಿ ಹಾಕಿಸಿ ಎರಡು ಬೇಸಿಗೆ ಆಯ್ತು."

ಟ್ಯಾಂಕಿನೊಳಕ್ಕೆ ಇಳಿಬಿಡುವ ಒಂದು ಸೆನ್ಸರ್, ಅಂಗೈಯಗಲದ ಸೋಲಾರ್ ಹಲಗೆ, ಗಿಡ್ಡ ಆಂಟೆನಾ. ಬಯಲಲ್ಲಿ ಫೋನ್ ಸಿಗ್ನಲ್ ಇಲ್ಲದ್ದರಿಂದ ಅದು ನೀರಿನ ಮಟ್ಟವನ್ನು ಗಂಟೆಗೊಮ್ಮೆ ಉಪಗ್ರಹಕ್ಕೆ ಕಳಿಸುತ್ತದೆ. ಅಲ್ಲಿಂದ ಇಂಟರ್ನೆಟ್ ಮೂಲಕ ಅದು ಮನೆಯ ಫೋನಿಗೆ ಬರುತ್ತದೆ.

"ಅಂದ್ರೆ ಟ್ಯಾಂಕು ನಂಗೆ ಕಾಗದ ಬರೆಯುತ್ತೆ ಅನ್ನು," ಎಂದ ಕ್ಲಾರಿ.

"ಗಂಟೆಗೊಂದು. ನಿನ್ನ ಮಗಳಿಗಿಂತ ವಾಸಿ," ಎಂದಳು ಲಿಯೋನಿ.

"ಮೂವತ್ತೆರಡು ವರ್ಷ ಕಣ್ಣಾರೆ ನೋಡ್ಕೊಂಡು ಬಂದಿದೀನಿ. ನಿನ್ನ ಪೆಟ್ಟಿಗೆ ಸುಳ್ಳು ಹೇಳಿದ್ರೆ?"

"ಎರಡು ವಾರ ನೀನೂ ಸುತ್ತು ಹಾಕು, ಅದೂ ಹೇಳ್ಲಿ. ತಾಳೆ ನೋಡು. ಆಮೇಲೆ ಬೈಯುವಂತೆ."

ದೂರದ ಕೊರೆಲ್ಲಾ ಬಾವಿಯ ಟ್ಯಾಂಕಿಗೆ ಅದನ್ನು ಹಾಕಿದರು. ಕಂಪನಿ ಕೊಟ್ಟಿದ್ದ ಪಾಸ್‌ವರ್ಡನ್ನು ಲಿಯೋನಿ ಅಂದೇ ಬೆರಿಲ್ ಕೈಲೇ ಬದಲು ಮಾಡಿಸಿದಳು.

"ಟ್ಯಾಂಕಿನ ನೀರಿನ ಲೆಕ್ಕ ಯಾವನು ಕದೀತಾನೆ?" ಎಂದು ಕ್ಲಾರಿ ನಕ್ಕ.

"ದನಗಳ್ಳ. ಯಾವ ತೊಟ್ಟೀಲಿ ದನ ಕುಡೀತಿವೆ ಅಂತ ಗೊತ್ತಾದ್ರೆ ಅವನಿಗೆ ಅಷ್ಟೇ ಸಾಕು."

ಕ್ಲಾರಿಯ ನಗು ನಿಂತಿತು.

ಬೆಳಿಗ್ಗೆ ಎದ್ದವಳೇ ಫೋನ್ ನೋಡುವುದು ಬೆರಿಲ್‌ಗೆ ರೂಢಿಯಾಯಿತು. ಪರದೆಯ ಮೇಲಿನ ಗೆರೆ ಗರಗಸದ ಹಲ್ಲಿನಂತೆ ಇರುತ್ತಿತ್ತು. ಸಂಜೆಯಿಂದ ದನ ಕುಡಿದು, ಬೆಳಗಾಗುವಷ್ಟರಲ್ಲಿ ನೂರರಿಂದ ಎಂಬತ್ತೆಂಟಕ್ಕೆ ಇಳಿಯುತ್ತಿತ್ತು. ಬಿಸಿಲೇರಿದಂತೆ ಸೋಲಾರ್ ಪಂಪು ಓಡಿ ಮಧ್ಯಾಹ್ನಕ್ಕೆ ಮತ್ತೆ ನೂರು. ಕ್ಲಾರಿ ಪ್ರತಿ ಸುತ್ತು ಮುಗಿಸಿ ಬಂದು, "ನಾನು ತಟ್ಟಿ ನೋಡಿದ್ದೂ ಅಷ್ಟೇ. ಇದಕ್ಕೆ ಉಪಗ್ರಹ ಬೇಕಾಯ್ತಾ?" ಎನ್ನುತ್ತಿದ್ದ.

ನವೆಂಬರ್ ಹನ್ನೆರಡರ ಬೆಳಿಗ್ಗೆ ಬೆರಿಲ್ ಹುಬ್ಬು ಗಂಟಿಕ್ಕಿದಳು. "ಕ್ಲಾರಿ, ಕೊರೆಲ್ಲಾ ನೂರಿದೆ."

"ತುಂಬಿದೆ ಅಂದ್ಮೇಲೆ ಇನ್ನೇನು? ಟೀ ಬಗ್ಸು."

"ಈ ಹೊತ್ತಿಗೆ ದಿನಾ ಎಂಬತ್ತೆಂಟು ಇರ್ತಿತ್ತು."

ಅವಳು ಟೀ ಬಗ್ಗಿಸಲಿಲ್ಲ. ಲಿಯೋನಿಗೆ ಫೋನ್ ಮಾಡಿ, ಕ್ಲಾರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ರಾತ್ರಿಯೆಲ್ಲಾ ನೂರೇ ಇದೆಯಾ?" ಎಂದು ಲಿಯೋನಿ ಕೇಳಿದಳು.

"ಕೂದಲೆಳೆಯಷ್ಟೂ ಇಳಿದಿಲ್ಲ."

"ಅಲ್ಲಿರೋದು ನೂರೆಂಬತ್ತು ದನ. ಈ ಸೆಕೇಲಿ ತಲೆಗೆ ಐವತ್ತು ಲೀಟರ್ ಕುಡೀತವೆ. ಕುಡಿದಿದ್ರೆ ಇಳೀಬೇಕಿತ್ತಲ್ಲ ಬೆರಿಲ್? ಟ್ಯಾಂಕಲ್ಲಿ ನೀರಿದೆ, ತೊಟ್ಟಿಗೆ ಬರ್ತಿಲ್ಲ. ಹೊರಡಿ."

ಕ್ಲಾರಿ ಖಾಲಿ ಲೋಟ ಕೆಳಗಿಟ್ಟು ಜೀಪಿನ ಕೀಲಿ ತೆಗೆದುಕೊಂಡ. ಹಿಂದಿನ ದಿನ ಕೊರೆಲ್ಲಾ ತೊಟ್ಟಿಯನ್ನು ತೊಳೆದಿದ್ದವನು ಅವನೇ.

ಟ್ಯಾಂಕಿನಿಂದ ತೊಟ್ಟಿಗೆ ಬರುವ ಕೊಳಾಯಿಯ ತುದಿಯಲ್ಲಿ ತೇಲುವ ಚೆಂಡೊಂದು ಇರುತ್ತದೆ. ತೊಟ್ಟಿಯ ನೀರು ಇಳಿದರೆ ಅದೂ ಇಳಿದು ಕೊಳಾಯಿ ತೆರೆಯುತ್ತದೆ. ತೊಟ್ಟಿ ತೊಳೆಯುವಾಗ ನಮ್ಮವರು ಆ ಚೆಂಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿ ನೀರು ನಿಲ್ಲಿಸುತ್ತಾರೆ. ತೊಳೆದ ಮೇಲೆ ಬಿಚ್ಚುತ್ತಾರೆ. ಅಂದು ಕ್ಲಾರಿಯ ಸೊಂಟ ಹಿಡಿದುಕೊಂಡಿತ್ತು. ಸುಧಾರಿಸಿಕೊಳ್ಳಲೆಂದು ಜೀಪಿನಲ್ಲಿ ಕುಳಿತವನು ಹಾಗೆಯೇ ಹೊರಟುಬಿಟ್ಟಿದ್ದ.

ಇಬ್ಬರೂ ತಲುಪಿದಾಗ ಒಣ ತೊಟ್ಟಿಯ ಸುತ್ತ ದನಗಳು ಒತ್ತೊತ್ತಾಗಿ ನಿಂತು ಅರಚುತ್ತಿದ್ದವು. ಕ್ಲಾರಿ ಕುಂಟುತ್ತ ಅವುಗಳ ನಡುವೆ ನುಗ್ಗಿ ತಂತಿ ಬಿಚ್ಚಿದ. ನೀರು ಭೋರೆಂದು ಬಂತು. ಎಲ್ಲವೂ ಕುಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮರದ ಕೆಳಗೆ ಬಿದ್ದುಕೊಂಡಿದ್ದ ಒಂದು ಕರುವೂ ಕೊನೆಗೆ ಎದ್ದು ಬಂತು. ಒಂದೂ ಸಾಯಲಿಲ್ಲ.

"ಯಾರು ಕಟ್ಟಿದ್ದು ಈ ತಂತೀನ?" ಎಂದು ಬೆರಿಲ್ ಕೇಳಿದಳು.

"ಕೋಳಿಗಳಿರಬೇಕು."

ಕ್ಲಾರಿ ಆ ತಂತಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೇಳಿದ, "ನನ್ನ ಸುತ್ತು ಇದ್ದಿದ್ದು ನಾಳೆ." ಜೀಪು ಹತ್ತುತ್ತ, "ಹದಿನೆಂಟಕ್ಕೆ ಎಷ್ಟು ಗಂಟೆಗೆ ಬರಕ್ಕೆ ಹೇಳಿದಾರೆ?"

ಹೊರಡುವ ಮುಂಚೆ ಉಳಿದ ಟ್ಯಾಂಕುಗಳಿಗೂ ತೊಟ್ಟಿಗಳಿಗೂ ಸೆನ್ಸರ್ ಬಂದವು. ಗೆರೆಯ ಮೇಲೆ ಕಣ್ಣಿಡುವುದನ್ನೂ ಭಾನುವಾರದ ಸುತ್ತನ್ನೂ ಲಿಯೋನಿ ವಹಿಸಿಕೊಂಡಳು. ಆಪರೇಷನ್ ಆದ ಮರುದಿನ ಬೆಳಿಗ್ಗೆ ಕ್ಲಾರಿ ನರ್ಸಿಗೆ ಫೋನ್ ತೋರಿಸಿ, "ಎಂಬತ್ತೇಳು. ಚೆನ್ನಾಗಿ ಕುಡಿದಿವೆ," ಎಂದನಂತೆ. ಅವನು ಕುಡಿದ ಔಷಧಿಯ ಲೆಕ್ಕ ಇರಬೇಕು ಎಂದುಕೊಂಡು ಆಕೆ ಬರೆದುಕೊಂಡಳಂತೆ.

ಓದುತ್ತಿರುವ ನಿಮಗೆ ಒಂದು ಮಾತು. ಆ ಪೆಟ್ಟಿಗೆ ತಂತಿ ಬಿಚ್ಚಲಿಲ್ಲ. ಬಿಚ್ಚಬೇಕೆಂದು ಗೊತ್ತಾಗಿದ್ದು ಬೆರಿಲ್ ದಿನಾ ನೋಡುತ್ತಿದ್ದುದರಿಂದ. ನಿಮ್ಮ ಟ್ಯಾಂಕಿಗೋ ಪಂಪಿಗೋ ಇಂಥದ್ದನ್ನು ಹಾಕಿಸಿದರೆ ಪಾಸ್‌ವರ್ಡನ್ನು ಅಂದೇ ಬದಲಿಸಿ. ಮೊದಲ ಎರಡು ವಾರ ಕಣ್ಣಿಗೂ ಪೆಟ್ಟಿಗೆಗೂ ತಾಳೆ ನೋಡಿ, ನಿಮ್ಮ ಗೆರೆಯ ನಡಿಗೆ ಕಲಿತುಕೊಳ್ಳಿ. ಇಳಿಯಬೇಕಾದ ಹೊತ್ತಿಗೆ ಅದು ಇಳಿಯದಿದ್ದರೂ ಎದ್ದು ಹೋಗಿ ನೋಡಿ. ವಾರಕ್ಕೊಂದು ಸುತ್ತು ಬಿಡಬೇಡಿ. ಸೊಂಟ ನೋಯುತ್ತಿದ್ದರೆ ಡಾಕ್ಟರ ಬಳಿ ಹೋಗಿ, ನೀರಿನ ಸುದ್ದಿ ಅಲ್ಲಿಗೂ ಬರುತ್ತದೆ.