ಶನಿವಾರಕ್ಕೆ ಒಂದು ಕುದುರೆ

ಬೀದಿಯವರಿಗೆಲ್ಲ ಅವಳು ಅತ್ತಿಗೆಯೇ. ನಾಟಕದ ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವಳದು. ಒಳಗೆ ಮುಖವಾಡ ಹೊಲಿಯುತ್ತ ಕೂತ ಮೈದುನ ದಿನಕ್ಕೆ ನೂರು ಸಲ ‘ಅತ್ತಿಗೆ, ಅತ್ತಿಗೆ’ ಎಂದು ಕರೆಯುವುದನ್ನು ಕೇಳಿ ಕೇಳಿ, ಎದುರಿನ ಔಷಧಿ ಅಂಗಡಿಯವನಿಂದ ಹಿಡಿದು ಪೇಪರ್ ಹಾಕುವವನವರೆಗೆ ಎಲ್ಲರೂ ಅವಳಿಗೆ ಮೈದುನರಾಗಿಬಿಟ್ಟಿದ್ದರು. ಗಂಡ ತೀರಿಹೋದ ಮೇಲೆ ಹದಿನಾಲ್ಕು ವರ್ಷ ಇವರಿಬ್ಬರೇ ಸೇರಿ ಅಂಗಡಿ ನಡೆಸಿದ್ದರು. ಈಚೆಗೆ ಮಾತ್ರ ವ್ಯಾಪಾರ ಸೊರಗಿತ್ತು. ರಾಜರ ಅಂಗಿಗಳು ನೇತಾಡಿದಲ್ಲೇ ನೇತಾಡುತ್ತಿದ್ದವು. ಕರಡಿಯ ವೇಷವನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುವುದೇ ಒಂದು ಕೆಲಸವಾಗಿತ್ತು.

ಇದ್ದಬದ್ದ ಗಿರಾಕಿಗಳು ಮೇಲ್ ಮಾಡುತ್ತಿದ್ದರು. ಅದನ್ನು ಓದಲು ಬ್ರೌಸರ್ ತೆರೆಯಬೇಕು, ಪಾಸ್‌ವರ್ಡ್ ಹೊಡೆಯಬೇಕು, ನೀನು ಮನುಷ್ಯಳೇ ಎಂದು ಅದು ಕೇಳಿದರೆ ಬಸ್ಸಿರುವ ಚಿತ್ರಗಳನ್ನೆಲ್ಲ ಆರಿಸಿ ತೋರಿಸಬೇಕು. ಹತ್ತು ನಿಮಿಷ ಎದ್ದುಹೋಗಿ ಬಂದರೆ ಮತ್ತೆ ಮೊದಲಿಂದ. ಒಂದು ಮಂಗಳವಾರ ಬೆಳಿಗ್ಗೆ ಅದು ಮೂರನೆಯ ಸಲ ಬಸ್ಸು ತೋರಿಸು ಎಂದಾಗ ಅತ್ತಿಗೆಯ ತಾಳ್ಮೆ ಕೆಟ್ಟಿತು.

“ಮೇಲ್ ತಾನಾಗೇ ಈ ಕಂಪ್ಯೂಟರಿಗೆ ಬಂದು ಬೀಳೋ ಹಾಗೆ ಮಾಡ್ಬಹುದಂತೆ ಕಣಪ್ಪ. ಅದಕ್ಕೆ ಬೇರೆ ಪ್ರೋಗ್ರಾಂ ಇದೆ. ಇವತ್ತು ಅದನ್ನ ಹಾಕೇ ಹಾಕ್ತೀನಿ.”

“ಯಾರನ್ನಾದ್ರೂ ಕರೆಸೋಣ ಅತ್ತಿಗೆ.”

“ಯಾಕೆ, ನನಗೇನು ಕೈಯಿಲ್ವಾ?”

ಪ್ರೋಗ್ರಾಂ ಇಳಿಯಿತು, ತೆರೆಯಿತು, ಹೆಸರು ಕೇಳಿತು. ಅಲ್ಲಿಯವರೆಗೆ ಸಲೀಸು. ಆಮೇಲೆ ಪ್ರಶ್ನೆಗಳು ಶುರುವಾದವು.

“ಒಳಬರೋ ಸರ್ವರ್ ಯಾವುದು ಅಂತ ಕೇಳ್ತಿದೆ.”

ಮೈದುನ ಕತ್ತೆಯ ಮುಖವಾಡಕ್ಕೆ ಕಿವಿ ಹೊಲಿಯುತ್ತಿದ್ದ. “ಯಾವುದಾದ್ರೂ ಬರಲಿ ಅನ್ನಿ. ಬಂದ್ರೆ ಸಾಕಾಗಿದೆ.”

ಅವಳು ನಕ್ಕು, ಸಹಾಯದ ಪುಟವನ್ನು ಮೊಬೈಲಿನಲ್ಲಿ ತೆರೆದು ಅವನ ಕೈಗಿತ್ತಳು. ಅವನು ಕನ್ನಡಕ ಹಣೆಗೇರಿಸಿ ಒಂದೊಂದೇ ಅಕ್ಷರ ಓದಿದ, ಅವಳು ಒಂದೊಂದೇ ಅಕ್ಷರ ಒತ್ತಿದಳು. ಪೋರ್ಟ್ ಒಂಬೈನೂರ ತೊಂಬತ್ತೈದು ಎಂದು ಅವನು ಓದಿದ. ಅವಳು ಒಂಬೈನೂರ ಐವತ್ತೊಂಬತ್ತು ಹೊಡೆದಳು. ಪ್ರೋಗ್ರಾಂ ಗರಗರ ತಿರುಗಿ ಸುಸ್ತಾಗಿ ನಿಂತಿತು. ಅದನ್ನು ತಿದ್ದಿದ ಮೇಲೆ ಪಾಸ್‌ವರ್ಡ್ ತಪ್ಪು ಎಂದು ಹಟ ಹಿಡಿಯಿತು. ದಿನಾ ಹೊಡೆಯುವ ಪಾಸ್‌ವರ್ಡು, ತಪ್ಪಾಗುವುದು ಹೇಗೆ? ಸಹಾಯದ ಪುಟ ಹುಡುಕಿದರೆ ಹೊರಗಿನ ಪ್ರೋಗ್ರಾಮಿಗೆ ಪ್ರತ್ಯೇಕ ಪಾಸ್‌ವರ್ಡ್ ಬೇಕು, ಹದಿನಾರು ಅಕ್ಷರದ್ದು, ವೆಬ್‌ಮೇಲಿನ ಸೆಟ್ಟಿಂಗ್ಸಿನಲ್ಲೇ ಮಾಡಿಕೊಳ್ಳಬೇಕು ಎಂದಿತ್ತು. ಅಲ್ಲಿಗೆ ಹೋದಾಗ ಇನ್ನೊಂದು ಪ್ರಶ್ನೆ ಕಾದಿತ್ತು: ಈವರೆಗಿನ ಎಲ್ಲ ಮೇಲ್‌ಗಳನ್ನೂ ಇಳಿಸಬೇಕೋ, ಇನ್ನು ಮುಂದೆ ಬರುವುದನ್ನು ಮಾತ್ರವೋ?

“ಅರ್ಧಂಬರ್ಧ ಯಾಕೆ, ಎಲ್ಲಾ ಬರಲಿ,” ಎಂದು ಅತ್ತಿಗೆ ಗುರುತು ಹಾಕಿದಳು.

ಹದಿನಾರು ಅಕ್ಷರ ಹೊಡೆದು, ಕೊನೆಯ ಗುಂಡಿ ಒತ್ತಿ, ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಟಿಣ್ ಟಿಣ್ ಟಿಣ್ ಎಂದು ಎಡೆಬಿಡದೆ ಶುರುವಾಯಿತು. ಪರದೆಯ ಮೇಲೆ ಸಾಲಿನ ಮೇಲೆ ಸಾಲು, ಎಲ್ಲವೂ ದಪ್ಪಕ್ಷರ, ಎಲ್ಲವೂ ಓದದವು, ಎಲ್ಲದರ ಮುಂದೆಯೂ ‘ಬಂದದ್ದು: ಇಂದು’.

“ಮೂರು ದೇವತೆಗಳ ರೆಕ್ಕೆ ಸಿಗುತ್ತಾ ಅಂತೆ,” ಅತ್ತಿಗೆ ಓದಿದಳು. “ಇವರಿಗೆ ಕರಡಿ. ಇವರಿಗೂ ಕರಡಿ. ನೀರು ಸರಬರಾಜು ಕಚೇರಿಯ ನಾಟಕ ತಂಡಕ್ಕೆ ಶನಿವಾರಕ್ಕೆ ಒಂದು ಕುದುರೆ, ಇಬ್ಬರು ಒಳಗೆ ಸೇರಿಕೊಳ್ಳೋದು, ದಯವಿಟ್ಟು ಬೇಗ ತಿಳಿಸಿ.”

ಮೈದುನನ ಕೈಯಿಂದ ಕತ್ತೆಯ ಕಿವಿ ಜಾರಿತು. “ಒಂದೇ ದಿನಕ್ಕೆ?”

“ಒಂದೇ ದಿನಕ್ಕೆ ಕಣೋ. ಜಾಹೀರಾತು ಬಿಟ್ಟು ನಲವತ್ತೇಳು.”

ಆಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತಿಗೆ ಒಂದರ ಹಿಂದೊಂದು ಉತ್ತರ ಬರೆದಳು: ರೆಕ್ಕೆ ಇದೆ, ಕರಡಿ ಇದೆ, ಖಂಡಿತ ಕೊಡುತ್ತೇವೆ. ಒಂದೇ ಕರಡಿಯನ್ನು ನಾಲ್ಕು ಜನರಿಗೆ ಒಪ್ಪಿಕೊಂಡಳು. ಇನ್ನು ಮೂರನ್ನು ಹೊಲಿದರಾಯಿತು ಎಂದ ಮೈದುನ. ನೀರಿನ ಕಚೇರಿಗೆ, ‘ಕುದುರೆ ತಯಾರಿದೆ, ಶುಕ್ರವಾರ ಸಂಜೆ ತಲುಪಿಸುತ್ತೇವೆ’ ಎಂದು ಬರೆದಳು. ಅವನು ಅಟ್ಟದಿಂದ ಕುದುರೆಯನ್ನು ಇಳಿಸಿ, ಅದರ ಹೊಟ್ಟೆಯ ಧೂಳು ಕೊಡವಿ, ಬಾಲ ಬಾಚತೊಡಗಿದ. ಔಷಧಿ ಅಂಗಡಿಯವನು ಇಣುಕಿ ಏನು ಗದ್ದಲ ಎಂದು ಕೇಳಿದ. “ಪುರುಸೊತ್ತಿಲ್ಲ ಕಣಪ್ಪ,” ಎಂದಳು ಅತ್ತಿಗೆ. ಆ ಮಾತನ್ನು ಆಡಿ ಎಷ್ಟು ಕಾಲವಾಗಿತ್ತೋ, ಬಾಯಿಗೆ ಹಿತವಾಗಿ, ಬೇಕೆಂದೇ ಇನ್ನೊಮ್ಮೆ ಹೇಳಿದಳು.

ಮಧ್ಯಾಹ್ನ ಫೋನ್ ಬಂತು. ಆ ಕಡೆ ನೀರಿನ ಕಚೇರಿಯ ಮೀಟರ್ ರೀಡರ್, ನಾಟಕ ತಂಡದ ಕಾರ್ಯದರ್ಶಿ.

“ಅಮ್ಮಾ, ಕುದುರೆ ತಯಾರಿದೆ ಅಂತ ಬರೆದಿದ್ದೀರಿ.”

“ತಯಾರಿದೆ ಸರ್. ಬಾಲ ಬಾಚ್ತಿದ್ದೀವಿ.”

“ಸಂತೋಷ. ಆದ್ರೆ ನಾನು ಕೇಳಿ ಆರು ವರ್ಷ ಆಯ್ತು.”

ಅತ್ತಿಗೆ ಪರದೆ ನೋಡಿದಳು. ಮೇಲ್ ತೆರೆದು ಒಳಗಿನ ತಾರೀಖು ಹುಡುಕಿದಳು. ಆರು ವರ್ಷ. ಕರಡಿಯದು ಐದು. ರೆಕ್ಕೆಯದು ನಾಲ್ಕೂವರೆ. ಪ್ರೋಗ್ರಾಂ ತೋರಿಸಿದ ‘ಇಂದು’ ತಾನು ಇಳಿಸಿಕೊಂಡ ದಿನದ್ದು. ಅವಳು ಕಂಡದ್ದನ್ನೆಲ್ಲ ಓದಿ ಆಗಲೇ ಅಳಿಸಿಬಿಡುವವಳು. ಇವು ಮಾತ್ರ ಕಂಡೇ ಇರಲಿಲ್ಲ. ವೆಬ್‌ಮೇಲ್ ಅತಿ ಜಾಣತನ ಮಾಡಿ, ಹೊಸಬರು ಬರೆದದ್ದನ್ನು ಜಾಹೀರಾತುಗಳ ಜೊತೆ ಪಕ್ಕದ ಇನ್ನೊಂದು ಖಾನೆಗೆ ತಳ್ಳಿತ್ತು. ಅಂಥದ್ದೊಂದು ಖಾನೆ ಇದೆಯೆಂದೇ ಇಬ್ಬರಿಗೂ ಗೊತ್ತಿರಲಿಲ್ಲ.

ಅವಳ ಕಿವಿ ಬಿಸಿಯಾಯಿತು. ಇಷ್ಟು ಜನ ಕೇಳಿದ್ದರು, ಉತ್ತರಕ್ಕೆ ಕಾದಿದ್ದರು, ಸೊಕ್ಕಿನವರು ಎಂದುಕೊಂಡು ಸುಮ್ಮನಾಗಿದ್ದರು. ಅವಳೋ ಇಲ್ಲಿ ಯಾರೂ ಕೇಳುವವರಿಲ್ಲ ಎಂದು ಕೊರಗುತ್ತ ಕೂತಿದ್ದಳು.

“ತಪ್ಪಾಯ್ತು ಸರ್,” ಎಂದಳು. “ಆಮೇಲೆ ಕುದುರೆಗೆ ಏನು ಮಾಡಿದ್ರಿ?”

“ಏನೂ ಮಾಡ್ಲಿಲ್ಲ. ನಮ್ಮ ಸಾಹೇಬರೇ ರಾಜ. ನಡ್ಕೊಂಡೇ ಬಂದು, ರೂಢಿ ಮೇಲೆ ‘ನನ್ನ ಕುದುರೆ ಕಟ್ರೋ’ ಅಂದ್ರು. ಸೇವಕ ಆ ಕಡೆ ನೋಡಿದ, ಈ ಕಡೆ ನೋಡಿದ, ಕೊನೆಗೆ ಸಾಹೇಬರನ್ನೇ ಕಂಬಕ್ಕೆ ಕಟ್ಟಿದ.”

ಅತ್ತಿಗೆ ಫೋನನ್ನು ಎದೆಗೊತ್ತಿಕೊಂಡು ನಗು ತಡೆಯಲು ನೋಡಿದಳು, ಆಗಲಿಲ್ಲ. ಆ ಕಡೆ ಮೀಟರ್ ರೀಡರೂ ನಗುತ್ತಿದ್ದ. ಏನಾಯಿತೆಂದು ತಿಳಿಯದ ಮೈದುನ ಬಾಲ ಹಿಡಿದುಕೊಂಡೇ ನಗತೊಡಗಿದ.

“ಸಾಹೇಬರು ಇವತ್ತಿಗೂ ಅದನ್ನ ಮರೆತಿಲ್ಲ,” ಎಂದ ಮೀಟರ್ ರೀಡರ್. “ನಿಮ್ಮ ಉತ್ತರ ತೋರಿಸ್ದೆ. ಈ ಶನಿವಾರ ಕಚೇರಿಯವರೆಲ್ಲ ಸೇರ್ತಿದ್ದೀವಿ, ಆ ದೃಶ್ಯ ಒಂದನ್ನ ಮತ್ತೆ ಆಡೋಣ ಅಂತಿದ್ದಾರೆ. ಆದ್ರೆ ಮುಂಗಾಲಿನವನಿಗೆ ವರ್ಗ ಆಯ್ತು, ಹಿಂಗಾಲಿನವನಿಗೆ ಸೊಂಟ ನೋವು. ಒಳಗೆ ಸೇರೋಕೆ ನಮ್ಮಲ್ಲಿ ಯಾರೂ ಒಪ್ತಿಲ್ಲ.”

“ಕಾಲಿನ ಸಮೇತ ತರ್ತೀವಿ ಬಿಡಿ,” ಎಂದುಬಿಟ್ಟಳು ಅತ್ತಿಗೆ.

ಫೋನಿಟ್ಟ ಮೇಲೆ ಮೈದುನ ಕೇಳಿದ. “ಯಾರ ಕಾಲು?”

“ನಮ್ಮದೇ. ನೀನು ಹಿಂದೆ.”

“ನಾನ್ಯಾಕೆ ಹಿಂದೆ?”

“ಅತ್ತಿಗೆ ಹಿಂದೆ ಬಗ್ಗಿ ನಡೀಬೇಕಾ?” ಎಂದಾಗ ಅವನು ಕುದುರೆಯ ಹಿಂಗಾಲನ್ನು ತನ್ನ ಕಾಲಿಗೆ ಹಿಡಿದು ಅಳತೆ ನೋಡಿದ.

ಮೂರು ದಿನ ಸಂಜೆ ಬಾಗಿಲು ಹಾಕಿಕೊಂಡು ಅಂಗಡಿಯೊಳಗೆ ಸುತ್ತು ಹೊಡೆದರು. ಎಡಗಾಲು ಎಂದು ಅವಳು ಕೂಗಿದರೆ ಅವನು ಬಲಗಾಲು ಇಡುತ್ತಿದ್ದ. ಒಮ್ಮೆ ಕಿರೀಟಗಳ ಕಪಾಟಿಗೆ ಡಿಕ್ಕಿ ಹೊಡೆದು ಕುದುರೆ ಎರಡು ತುಂಡಾಗಿ ನೆಲದ ಮೇಲೆ ಕೂತು, ಎರಡೂ ತುಂಡುಗಳು ಹೊಟ್ಟೆ ಹಿಡಿದುಕೊಂಡು ನಕ್ಕವು.

ಶನಿವಾರ ಸಂಜೆ ಕಚೇರಿಯ ಸಭಾಂಗಣ ತುಂಬಿತ್ತು. ಸಾಹೇಬರು ಕಿರೀಟ ಸರಿಮಾಡಿಕೊಂಡು, ಲಗಾಮು ಹಿಡಿದು ನಡೆದರು; ಹಿಂದೆ ಕುದುರೆ ಬಂತು. ಕುದುರೆಯ ಬಾಯಿಯ ಸೀಳಿನಿಂದ ಅತ್ತಿಗೆಗೆ ಸಾಹೇಬರ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಹೆಮ್ಮೆಯಿಂದ ಇಷ್ಟಗಲವಾಗಿತ್ತು.

“ನನ್ನ ಕುದುರೆ ಕಟ್ರೋ,” ಎಂದರು ಸಾಹೇಬರು, ಆರು ವರ್ಷದ ಬಾಕಿಯೆಲ್ಲ ಒಂದೇ ಉಸಿರಿನಲ್ಲಿ.

ಸೇವಕ ಓಡಿಬಂದು ಲಗಾಮು ಎಳೆದ. ಮುಂಗಾಲು ಹೊರಟಿತು, ಹಿಂಗಾಲು ಕದಲಲಿಲ್ಲ.

“ನಡಿಯೋ,” ಅತ್ತಿಗೆ ಪಿಸುಗುಟ್ಟಿದಳು.

“ನಗು ಬರ್ತಿದೆ ಅತ್ತಿಗೆ, ಕಾಲೇ ಏಳ್ತಿಲ್ಲ.”

ಅವನ ನಗು ಬಟ್ಟೆಯ ಹೊಟ್ಟೆಯೊಳಗೆ ಗುಡುಗುಡು ಉರುಳಿ ಅವಳ ಬೆನ್ನಿಗೆ ತಾಗಿತು. ಅಲ್ಲಿಗೆ ಅವಳದೂ ಮುಗಿಯಿತು. ಕುದುರೆ ನಿಂತಲ್ಲೇ ಮೂತಿಯಿಂದ ಬಾಲದವರೆಗೆ ಕುಲುಕತೊಡಗಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸಾಹೇಬರು ಅದರ ಕುತ್ತಿಗೆ ತಟ್ಟಿ, “ಬಹಳ ದೂರದಿಂದ ಬಂದಿದೆ, ಸುಸ್ತಾಗಿದೆ,” ಎಂದರು, ನಾಟಕದಲ್ಲಿಲ್ಲದ ಮಾತು.

ಸೋಮವಾರ ಅಂಗಡಿ ತೆರೆದು ಅತ್ತಿಗೆ ಕಂಪ್ಯೂಟರ್ ಹಾಕಿದಳು. ಪಾಸ್‌ವರ್ಡಿಲ್ಲ, ಬಸ್ಸಿಲ್ಲ. ಹದಿಮೂರು ಹೊಸ ಮೇಲ್‌ಗಳು. ಒಂದೊಂದನ್ನೂ ತೆರೆದು ಮೊದಲು ತಾರೀಖು ನೋಡಿದಳು. ಹಳಬರು ಕೆಲವರು ತಡವಾದ ಉತ್ತರಕ್ಕೆ ನಕ್ಕು ಬರೆದಿದ್ದರು. ಐವರು, ಈಗಲೂ ಬೇಕು ಎಂದಿದ್ದರು.

“ಕರಡಿ ಎಷ್ಟು ಜನಕ್ಕೆ ಅತ್ತಿಗೆ?”

“ಇಬ್ಬರಿಗೆ. ಒಂದೇ ದಿನ.”

ಮೈದುನ ಆಗಲೇ ಕಂದು ಬಟ್ಟೆಯ ಸುರುಳಿ ಬಿಚ್ಚಿ, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದ.